ಕಸಾಯಿಖಾನೆಯಿಂದ ಯೀಸ್ಟ್‌ವರೆಗೆ: ಇನ್ಸುಲಿನ್ ನಡೆದು ಬಂದ ದಾರಿ

ಇನ್ಸುಲಿನ್ ಕಾರ್ಖಾನೆಗೆ ಕಚ್ಚಾ ಮಾಲು ಬರುತ್ತಿದ್ದುದು ಕಸಾಯಿಖಾನೆಯಿಂದ. 1920ರ ದಶಕದಿಂದ 1980ರ ದಶಕದ ಆರಂಭದವರೆಗೆ, ಹೆಚ್ಚುಕಡಿಮೆ ಅರವತ್ತು ವರ್ಷ, ಸಕ್ಕರೆ ಕಾಯಿಲೆಯವರ ಜೀವ ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯನ್ನು ನೆಚ್ಚಿಕೊಂಡಿತ್ತು. ಮಾಂಸದ ಕಂಪನಿಗಳು ಆ ಗ್ರಂಥಿಯನ್ನು ಬೇರ್ಪಡಿಸಿ ಮಂಜುಗಟ್ಟಿಸಿ ಔಷಧ ಕಂಪನಿಗಳಿಗೆ ಕಳಿಸುತ್ತಿದ್ದವು. ಅಲ್ಲಿ ಅದನ್ನು ಅರೆದು, ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ನೆನೆಸಿ, ಹಲವು ಸಲ ಸೋಸಿ ಇನ್ಸುಲಿನ್ ತೆಗೆಯುತ್ತಿದ್ದರು. ಸುಮಾರು 225 ಗ್ರಾಂ ಶುದ್ಧ ಇನ್ಸುಲಿನ್ ಬೇಕೆಂದರೆ ಎರಡು ಟನ್ನಿಗೂ ಹೆಚ್ಚು ಹಂದಿಯ ಅಂಗಗಳನ್ನು ಹೀಗೆ ಅರೆಯಬೇಕಿತ್ತು.

ಈ ಏರ್ಪಾಡು ಶುರುವಾದದ್ದು ಕೆನಡಾದ ಟೊರಾಂಟೊ ನಗರದಲ್ಲಿ. 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಶಸ್ತ್ರವೈದ್ಯರೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರೊಫೆಸರ್ ಜೆ.ಜೆ.ಆರ್. ಮೆಕ್ಲಿಯೋಡ್ ಅವರ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಮೇದೋಜೀರಕದ ಸಾರದಿಂದ ರಕ್ತದ ಸಕ್ಕರೆ ಇಳಿಯುತ್ತದೆಂದು ತೋರಿಸಿದರು. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಸಾರದಲ್ಲಿ ಕಲ್ಮಶವಿತ್ತು, ಪ್ರಯೋಜನ ಅಷ್ಟಕ್ಕಷ್ಟೆ. ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಹಗಲೂ ರಾತ್ರಿ ಕೂತು ಅದನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಕೊಟ್ಟ ಮದ್ದು ಹುಡುಗನನ್ನು ಉಳಿಸಿತು. ಅಲ್ಲಿಯವರೆಗೆ ಇಂಥ ಮಕ್ಕಳಿಗೆ ವೈದ್ಯರು ಕೊಡಬಹುದಾಗಿದ್ದ ಚಿಕಿತ್ಸೆ ಎಂದರೆ ಉಪವಾಸ. ಅನ್ನ ಕಡಿಮೆ ಮಾಡಿ ಸಾವನ್ನು ಕೆಲವು ತಿಂಗಳು ಮುಂದೂಡುವುದಷ್ಟೇ ಆಗಿತ್ತು. ಸಂಶೋಧಕರು ಪೇಟೆಂಟನ್ನು ತಲಾ ಒಂದು ಡಾಲರ್‌ಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಈ ಒಂದು ಡಾಲರ್ ಓದುಗರ ನೆನಪಿನಲ್ಲಿರಲಿ.

ಅಮೆರಿಕದಲ್ಲಿ ಇಂಡಿಯಾನಾಪೊಲಿಸ್‌ನ ಇಲೈ ಲಿಲಿ ಕಂಪನಿ, ಯುರೋಪಿನಲ್ಲಿ ಡೆನ್ಮಾರ್ಕಿನ ನಾರ್ಡಿಸ್ಕ್ ಮತ್ತು ನೊವೊ ಕಂಪನಿಗಳು ಇನ್ಸುಲಿನ್ ತಯಾರಿಕೆಗೆ ನಿಂತವು. ಸಕ್ಕರೆ ಕಾಯಿಲೆ ಹೆಚ್ಚುತ್ತ ಹೋಯಿತು. ಗ್ರಂಥಿಗಳು ಮಾತ್ರ ಜನ ಎಷ್ಟು ಮಾಂಸ ತಿನ್ನುತ್ತಾರೋ ಅಷ್ಟೇ ಸಿಗುತ್ತಿದ್ದವು. ಕಾಯಿಲೆಯವರ ಲೆಕ್ಕಕ್ಕೂ ಕಸಾಯಿಖಾನೆಯ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಇನ್ಸುಲಿನ್ ಮಾರುಕಟ್ಟೆಯ ಶೇ. 80ರಷ್ಟನ್ನು ಕೈಯಲ್ಲಿಟ್ಟುಕೊಂಡಿದ್ದ ಲಿಲಿ ಕಂಪನಿಗೆ ಇದು ದೊಡ್ಡ ಚಿಂತೆಯಾಯಿತು. ನಿಜಕ್ಕೂ ಕೊರತೆ ಬರಲಿತ್ತೇ, ಅಥವಾ ಹೊಸ ತಂತ್ರಕ್ಕೆ ಬೆಂಬಲ ಗಿಟ್ಟಿಸಲು ಆ ಭಯವನ್ನು ಹಿಗ್ಗಿಸಲಾಯಿತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಪ್ರಾಣಿಯ ಇನ್ಸುಲಿನ್ ಮುಂದೆಯೂ ಹಲವು ವರ್ಷ ಸಿಗುತ್ತಲೇ ಇತ್ತು ಎಂಬುದು ಎರಡನೆಯ ಪಕ್ಷದವರ ವಾದ. ಆದರೆ ಆಗಿನ ಕಾಲದ ವೈದ್ಯರೂ ಉದ್ಯಮಿಗಳೂ ಆ ಭಯವನ್ನು ನಂಬಿ ಹೆಜ್ಜೆ ಇಟ್ಟರು ಎಂಬುದರಲ್ಲಿ ಅನುಮಾನವಿಲ್ಲ.

ಇನ್ಸುಲಿನ್ ಎಂಬ ವಸ್ತು ಏನೆಂಬುದು ಆ ವೇಳೆಗೆ ತಿಳಿದಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ 1955ರ ಹೊತ್ತಿಗೆ ಅದರ ರಚನೆಯನ್ನು ಪೂರ್ತಿ ಬಿಡಿಸಿದ್ದರು. ಅದು 51 ಅಮೈನೋ ಆಮ್ಲಗಳ ಎರಡೆಳೆ ಮಣಿಸರ. ‘ಎ’ ಎಳೆಯಲ್ಲಿ 21, ‘ಬಿ’ ಎಳೆಯಲ್ಲಿ 30. ಯಾವ ಪ್ರೊಟೀನಿಗೂ ಹೀಗೊಂದು ಗೊತ್ತಾದ ಕ್ರಮ ಇರುತ್ತದೆಂದು ಖಚಿತವಾಗಿ ತೋರಿಸಿದ ಮೊದಲ ಕೆಲಸ ಅದು. 1958ರಲ್ಲಿ ಅವರಿಗೆ ನೊಬೆಲ್ ಬಂತು. ಹಂದಿಯ ಇನ್ಸುಲಿನ್ನಿಗೂ ನಮ್ಮದಕ್ಕೂ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ, ದನದ್ದಕ್ಕೆ ಮೂರು. ಅಷ್ಟು ಕಡಿಮೆ ವ್ಯತ್ಯಾಸ ಇದ್ದುದರಿಂದಲೇ ಪ್ರಾಣಿಯ ಮದ್ದು ಮನುಷ್ಯನಿಗೆ ಹಿಡಿಸುತ್ತಿತ್ತು. ಅಷ್ಟಾದರೂ ವ್ಯತ್ಯಾಸ ಇದ್ದುದರಿಂದ, ಜತೆಗೆ ಉಳಿದ ಕಲ್ಮಶಗಳಿಂದ, ಕೆಲವರಿಗೆ ಚುಚ್ಚಿದ ಜಾಗ ಊದಿಕೊಳ್ಳುವುದು, ತುರಿಕೆ, ಚರ್ಮದಡಿಯ ಕೊಬ್ಬು ಕರಗಿ ಗುಳಿ ಬೀಳುವುದು ಇವೆಲ್ಲ ಆಗುತ್ತಿದ್ದವು.

ಹಾಗಾದರೆ ಮನುಷ್ಯನ ಇನ್ಸುಲಿನ್ನನ್ನೇ ಮಾಡುವುದು ಹೇಗೆ? ಉತ್ತರ ಬೇರೊಂದು ದಿಕ್ಕಿನಿಂದ ಬಂತು.

1972ರ ನವೆಂಬರ್‌ನಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಬ್ಯಾಕ್ಟೀರಿಯಾ ಕುರಿತ ಸಮ್ಮೇಳನವೊಂದು ನಡೆಯಿತು. ಅಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೊಹೆನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬಾಯರ್ ಸಂಧಿಸಿದರು. ಕೊಹೆನ್ ಅವರ ಕೆಲಸ ಪ್ಲಾಸ್ಮಿಡ್‌ಗಳ ಮೇಲೆ. ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾದೊಳಗೆ ಅದರ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿ ಉಂಗುರದಂತಿರುವ ಪುಟ್ಟ ಡಿಎನ್‌ಎ. ಬಾಯರ್ ಅವರ ಬಳಿ ಇಕೋಆರ್‌ಐ ಎಂಬ ಕಿಣ್ವವಿತ್ತು. ಅದು ಡಿಎನ್‌ಎಯನ್ನು ಗೊತ್ತಾದ ಅಕ್ಷರಗಳಿರುವ ಜಾಗದಲ್ಲೇ ಕತ್ತರಿಸುತ್ತದೆ. ಕತ್ತರಿಸಿದ ತುದಿ ಸಮನಾಗಿರದೆ ಒಂದು ಎಳೆ ಚೂರು ಚಾಚಿಕೊಂಡಿರುತ್ತದೆ. ಅದೇ ಕಿಣ್ವದಿಂದ ಕತ್ತರಿಸಿದ ಬೇರೆ ಯಾವ ಜೀವಿಯ ಡಿಎನ್‌ಎಯೂ ಅದಕ್ಕೆ ಅಂಟಿಕೊಳ್ಳಬಲ್ಲದು. ವೈಕಿಕಿ ಕಡಲ ದಂಡೆಯ ಸಮೀಪದ ಒಂದು ತಿಂಡಿ ಅಂಗಡಿಯಲ್ಲಿ ತಡರಾತ್ರಿ ಸ್ಯಾಂಡ್‌ವಿಚ್ ತಿನ್ನುತ್ತ ಇಬ್ಬರೂ ಈ ಎರಡನ್ನೂ ಜೋಡಿಸುವ ಯೋಜನೆ ಹಾಕಿದರು. 1973ರಲ್ಲಿ ಅದು ಕೈಗೂಡಿತು. ಒಂದು ಪ್ಲಾಸ್ಮಿಡ್‌ಗೆ ಬೇರೆ ಕಡೆಯ ಜೀನ್ ಸೇರಿಸಿ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಬಿಟ್ಟಾಗ ಬ್ಯಾಕ್ಟೀರಿಯಾ ಅದನ್ನು ತನ್ನದೆಂಬಂತೆ ನಕಲು ಮಾಡಿತು. ಫಲಿತಾಂಶ ನೋಡಿದಾಗ ಕಣ್ಣಲ್ಲಿ ನೀರು ಬಂದಿತ್ತೆಂದು ಬಾಯರ್ ಮುಂದೆ ಹೇಳಿಕೊಂಡಿದ್ದಾರೆ. ಮರುವರ್ಷ ಕಪ್ಪೆಯ ಜೀನೂ ಬ್ಯಾಕ್ಟೀರಿಯಾದೊಳಗೆ ಸೇರಿತು.

ಈ ಆವಿಷ್ಕಾರದ ಕೀರ್ತಿ ಯಾರಿಗೆ ಎಷ್ಟು ಎಂಬುದು ಇನ್ನೂ ಚರ್ಚೆಯ ವಿಷಯ. ಸ್ಟ್ಯಾನ್‌ಫರ್ಡ್‌ನಲ್ಲೇ ಇದ್ದ ಪಾಲ್ ಬರ್ಗ್ 1972ರಲ್ಲೇ ಎರಡು ಬೇರೆ ಬೇರೆ ಮೂಲದ ಡಿಎನ್‌ಎಗಳನ್ನು ಬೆಸೆದಿದ್ದರು. ಅಲ್ಲಿನ ವಿದ್ಯಾರ್ಥಿ ಪೀಟರ್ ಲೋಬನ್ ಕೂಡ ಅದೇ ದಾರಿಯಲ್ಲಿದ್ದರು. ಬೆಸೆದದ್ದನ್ನು ಜೀವಂತ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ತೋರಿಸಿದವರು ಕೊಹೆನ್ ಮತ್ತು ಬಾಯರ್. ಪೇಟೆಂಟ್ ಸಿಕ್ಕಿದ್ದು ಅವರ ವಿಶ್ವವಿದ್ಯಾಲಯಗಳಿಗೆ.

ಹುರುಪಿನ ಬೆನ್ನಿಗೇ ಭಯವೂ ಹುಟ್ಟಿತು. ಮನುಷ್ಯನ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಕ್ಕೆ ಅಪಾಯದ ಜೀನ್ ಸೇರಿ ಅದು ಪ್ರಯೋಗಾಲಯದಿಂದ ಹೊರಬಿದ್ದರೆ ಗತಿ ಏನು? 1974ರಲ್ಲಿ ಬರ್ಗ್ ಮತ್ತು ಇತರರು ಕೆಲವು ಬಗೆಯ ಪ್ರಯೋಗಗಳನ್ನು ತಾವಾಗಿಯೇ ನಿಲ್ಲಿಸೋಣವೆಂದು ಬಹಿರಂಗ ಪತ್ರ ಬರೆದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸುಮಾರು 140 ಮಂದಿ ಸೇರಿ, ಯಾವ ಪ್ರಯೋಗಕ್ಕೆ ಎಷ್ಟು ಕಾವಲು ಬೇಕೆಂದು ವಾದಿಸಿದರು. ವಿಜ್ಞಾನಿಗಳೇ ತಮಗೆ ತಾವು ಕಡಿವಾಣ ಹಾಕಿಕೊಂಡ ಅಪರೂಪದ ಘಟನೆ ಅದೆಂದು ಹೊಗಳುವವರಿದ್ದಾರೆ. ಸಾರ್ವಜನಿಕರನ್ನು ಹೊರಗಿಟ್ಟು ವಿಜ್ಞಾನಿಗಳು ತಮ್ಮ ನಡುವೆಯೇ ವಿಷಯ ಮುಗಿಸಿಕೊಂಡರೆಂದು ಟೀಕಿಸುವವರೂ ಇದ್ದಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. 1976ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದ ಮೇಯರ್ ಆಲ್ಫ್ರೆಡ್ ವೆಲ್ಲೂಚಿ ಹಾರ್ವರ್ಡ್‌ನ ವಿಜ್ಞಾನಿಗಳನ್ನು ನಗರಸಭೆಗೆ ಕರೆಸಿ, ಜನಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿ ಎಂದು ತಾಕೀತು ಮಾಡಿದಾಗ ಆ ಟೀಕೆಯ ಹಿಂದಿನ ಅಸಮಾಧಾನ ಬೀದಿಗೆ ಬಂದಿತ್ತು. ನಗರದಲ್ಲಿ ಕೆಲವು ತಿಂಗಳು ಆ ಪ್ರಯೋಗಗಳಿಗೆ ತಡೆ ಬಿತ್ತು. ಸಾಮಾನ್ಯ ನಾಗರಿಕರ ಸಮಿತಿಯೊಂದು ವಿಷಯವನ್ನು ಕೂತು ಕಲಿತು, ಷರತ್ತುಗಳೊಡನೆ ಒಪ್ಪಿಗೆ ಕೊಟ್ಟ ಮೇಲೆಯೇ 1977ರಲ್ಲಿ ಅದು ತೆರವಾಯಿತು.

ಆ ವೇಳೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿಯಮಾವಳಿಯೂ ಬಂದಿತ್ತು. ಅದರ ಪ್ರಕಾರ ಮನುಷ್ಯನ ಡಿಎನ್‌ಎಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಬೇಕೆಂದರೆ ಅತ್ಯಂತ ಬಿಗಿ ಬಂದೋಬಸ್ತಿನ ಪ್ರಯೋಗಾಲಯ ಬೇಕು. ಅಂಥವು ಬೆರಳೆಣಿಕೆಯಷ್ಟಿದ್ದವು, ಅವೂ ಹೆಚ್ಚಾಗಿ ಸೇನೆಯ ಜೈವಿಕ ಅಸ್ತ್ರ ಸಂಶೋಧನೆಗೆಂದು ಕಟ್ಟಿದವು. ಬ್ಯಾಕ್ಟೀರಿಯಾದಿಂದ ಇನ್ಸುಲಿನ್ ಮಾಡಿಸುವ ಪೈಪೋಟಿಯಲ್ಲಿ ಗೆದ್ದವರು ಯಾರೆಂದು ತೀರ್ಮಾನಿಸಿದ್ದು ಈ ನಿಯಮ.

1976ರ ಮೇ ತಿಂಗಳಲ್ಲಿ ಲಿಲಿ ಕಂಪನಿ ಇಂಡಿಯಾನಾಪೊಲಿಸ್‌ನಲ್ಲಿ ಕರೆದ ಸಭೆಯ ನಂತರ ಪೈಪೋಟಿ ಬಿರುಸಾಯಿತು. ಒಂದು ತಂಡ ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್ ಅವರದು. ಎರಡನೆಯದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಲಿಯಂ ರಟ್ಟರ್ ಮತ್ತು ಹೊವರ್ಡ್ ಗುಡ್‌ಮನ್ ಅವರದು. ಎರಡೂ ದೊಡ್ಡ ಹೆಸರಿನ ಪ್ರಯೋಗಾಲಯಗಳು. ಎರಡರ ದಾರಿಯೂ ಒಂದೇ: ಪ್ರಾಣಿಯ ಅಂಗಾಂಶದಿಂದ ಇನ್ಸುಲಿನ್ ಜೀನಿನ ಸಂದೇಶ ತೆಗೆಯುವುದು, ಅದರಿಂದ ಡಿಎನ್‌ಎ ನಕಲು ಮಾಡಿ ಬ್ಯಾಕ್ಟೀರಿಯಾಕ್ಕೆ ಸೇರಿಸುವುದು. ಸ್ಯಾನ್ ಫ್ರಾನ್ಸಿಸ್ಕೊ ತಂಡ 1977ರಲ್ಲಿ ಇಲಿಯ ಇನ್ಸುಲಿನ್ ಜೀನನ್ನು ಹಿಡಿದುಕೊಟ್ಟಿತು. ಆದರೆ ಅದಕ್ಕೆ ಮೊದಲು, ಇನ್ನೂ ಅನುಮತಿ ಸಿಗದ ಪ್ಲಾಸ್ಮಿಡ್ ಬಳಸಿದ್ದು ಹೊರಬಿದ್ದು, ಮಾಡಿದ್ದನ್ನೆಲ್ಲ ನಾಶಪಡಿಸಿ ಮೊದಲಿನಿಂದ ಶುರುಮಾಡಿದ್ದರು. ಆ ಪ್ರಕರಣ ಅಮೆರಿಕದ ಸೆನೆಟ್ ವಿಚಾರಣೆಯವರೆಗೂ ಹೋಯಿತು.

ಮೂರನೆಯ ತಂಡಕ್ಕೆ ಹೆಸರೂ ಇರಲಿಲ್ಲ, ಕಟ್ಟಡವೂ ಇರಲಿಲ್ಲ. ರಾಬರ್ಟ್ ಸ್ವಾನ್ಸನ್ ಎಂಬ 28 ವರ್ಷದ ಯುವಕ ಕೆಲಸ ಕಳೆದುಕೊಂಡಿದ್ದ. ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವ ಸಂಸ್ಥೆಯಲ್ಲಿ ದುಡಿದ ಅನುಭವವಿತ್ತು. ಈ ತಂತ್ರದಿಂದ ಔಷಧ ಮಾಡಿ ಮಾರಬಹುದೆಂದು ಅವನಿಗೆ ಖಾತ್ರಿಯಾಗಿತ್ತು, ವಿಜ್ಞಾನಿಗಳಿಗೆ ಫೋನ್ ಮಾಡುತ್ತ ಹೋದ. 1976ರ ಜನವರಿಯಲ್ಲಿ ಬಾಯರ್ ಹತ್ತು ನಿಮಿಷ ಕೊಟ್ಟರು. ಮಾತು ಬಿಯರ್ ಗ್ಲಾಸುಗಳ ಮುಂದೆ ಮೂರು ಗಂಟೆ ನಡೆಯಿತು. ಇಬ್ಬರೂ ತಲಾ 500 ಡಾಲರ್ ಹಾಕಿದರು. ಏಪ್ರಿಲ್ 7ರಂದು ಜೆನೆಂಟೆಕ್ ಕಂಪನಿ ನೋಂದಣಿಯಾಯಿತು.

ಬಾಯರ್ ಆರಿಸಿಕೊಂಡ ದಾರಿಯೇ ಬೇರೆ. ಲಾಸ್ ಏಂಜಲಿಸ್ ಹತ್ತಿರದ ಸಿಟಿ ಆಫ್ ಹೋಪ್ ಆಸ್ಪತ್ರೆಯ ಆರ್ಥರ್ ರಿಗ್ಸ್ ಮತ್ತು ಕೆಯಿಚಿ ಇಟಾಕುರ ಜೀನನ್ನು ಯಾವ ಅಂಗಾಂಶದಿಂದಲೂ ತೆಗೆಯದೆ, ಬಾಟಲಿಯಲ್ಲಿರುವ ರಾಸಾಯನಿಕಗಳಿಂದಲೇ ಅಕ್ಷರ ಅಕ್ಷರ ಪೋಣಿಸಿ ಕಟ್ಟಬಹುದೆಂದು ನಂಬಿದ್ದರು. ಈ ವಿದ್ಯೆಯ ಬೇರಿನಲ್ಲಿ ಭಾರತೀಯ ಮೂಲದವರ ದುಡಿಮೆ ಇದೆ. ಜೀನನ್ನು ಮೊತ್ತಮೊದಲು ರಾಸಾಯನಿಕವಾಗಿ ಕಟ್ಟಿದವರು ಹರಗೋಬಿಂದ್ ಖೊರಾನಾ ಮತ್ತು ಅವರ ತಂಡ. ಖೊರಾನಾ ಜತೆ ಕೆಲಸ ಮಾಡಿದ್ದ ಸರನ್ ನಾರಂಗ್ ಕೆನಡಾದ ಒಟ್ಟಾವಾದಲ್ಲಿ ಆ ವಿಧಾನವನ್ನು ಇನ್ನಷ್ಟು ಚುರುಕುಗೊಳಿಸುತ್ತಿದ್ದಾಗ, ಅವರ ಪ್ರಯೋಗಾಲಯದಲ್ಲಿ ಪಳಗಿದವರು ಇಟಾಕುರ. ಇನ್ನೊಂದು ಅನುಕೂಲವೂ ಇತ್ತು. ಹೀಗೆ ಕಟ್ಟಿದ ಜೀನ್ ಮನುಷ್ಯನ ದೇಹದಿಂದ ಬಂದದ್ದಲ್ಲವಾದ್ದರಿಂದ ಬಿಗಿ ನಿಯಮ ಅದಕ್ಕೆ ತಾಗುತ್ತಿರಲಿಲ್ಲ.

ನೇರ ಇನ್ಸುಲಿನ್ನಿಗೇ ಕೈ ಹಾಕದೆ ಮೊದಲು ಸೊಮಾಟೊಸ್ಟಾಟಿನ್ ಎಂಬ ಚಿಕ್ಕ ಹಾರ್ಮೋನನ್ನು ಆರಿಸಿಕೊಂಡರು. ಅದರಲ್ಲಿ ಇರುವುದು ಬರೀ 14 ಅಮೈನೋ ಆಮ್ಲ. 1977ರ ಮೊದಲ ಪ್ರಯತ್ನ ಸೋತಿತು. ಬ್ಯಾಕ್ಟೀರಿಯಾ ಆ ಪುಟ್ಟ ಪ್ರೊಟೀನನ್ನು ಅನ್ಯವೆಂದು ಗುರುತಿಸಿ ಒಡೆದುಹಾಕುತ್ತಿತ್ತು. ಆಗ ಅವರು ಹಾರ್ಮೋನನ್ನು ಬ್ಯಾಕ್ಟೀರಿಯಾದ್ದೇ ಆದ ಒಂದು ದೊಡ್ಡ ಕಿಣ್ವದ ಬಾಲಕ್ಕೆ ಕಟ್ಟಿದರು, ನಡುವೆ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಇಟ್ಟರು. ತನ್ನ ಕಿಣ್ವವೆಂದು ಬ್ಯಾಕ್ಟೀರಿಯಾ ಅದನ್ನು ಉಳಿಸಿಕೊಂಡಿತು. ಸಯನೋಜೆನ್ ಬ್ರೋಮೈಡ್ ಎಂಬ ರಾಸಾಯನಿಕ ಮೆಥಿಯೊನಿನ್ ಇದ್ದಲ್ಲೇ ಕತ್ತರಿಸುತ್ತದೆ, ಹಾಗಾಗಿ ಹಾರ್ಮೋನ್ ಬಿಡಿಯಾಗಿ ಸಿಕ್ಕಿತು. ಹಿಂದೆ ಐದು ಮಿಲಿಗ್ರಾಂ ಸೊಮಾಟೊಸ್ಟಾಟಿನ್‌ಗಾಗಿ ಸುಮಾರು ಐದು ಲಕ್ಷ ಕುರಿಗಳ ಮಿದುಳು ಬೇಕಾಗಿತ್ತು. ಅಷ್ಟನ್ನೇ ಈಗ ಕೆಲವೇ ಲೀಟರ್ ಬ್ಯಾಕ್ಟೀರಿಯಾ ಸಾರು ಕೊಟ್ಟಿತು. ಮನುಷ್ಯನ ಪ್ರೊಟೀನೊಂದನ್ನು ಬ್ಯಾಕ್ಟೀರಿಯಾ ತಯಾರಿಸಿದ್ದು ಅದೇ ಮೊದಲು.

ಇನ್ಸುಲಿನ್ನಿಗೆ ಇದೇ ಉಪಾಯ ಒದಗಿಬಂದದ್ದು ಅದರ ಅದೃಷ್ಟ: ಅದರ 51ರಲ್ಲಿ ಒಂದೂ ಮೆಥಿಯೊನಿನ್ ಇಲ್ಲ. ಇದ್ದಿದ್ದರೆ ಅದೇ ರಾಸಾಯನಿಕ ಇನ್ಸುಲಿನ್ನನ್ನೂ ತುಂಡರಿಸಿಬಿಡುತ್ತಿತ್ತು.

ಸಿಟಿ ಆಫ್ ಹೋಪ್‌ನಲ್ಲಿ ಇಟಾಕುರ, ರಾಬರ್ಟೊ ಕ್ರಿಯಾ ಮತ್ತು ಜತೆಗಾರರು 29 ತುಣುಕುಗಳನ್ನು ಮಾಡಿ ‘ಎ’ ಎಳೆಗೊಂದು ಜೀನ್, ‘ಬಿ’ ಎಳೆಗೊಂದು ಜೀನ್ ಕಟ್ಟಿದರು. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕಿದ್ದ ಒಂದು ಗೋದಾಮಿನಲ್ಲಿ ಜೆನೆಂಟೆಕ್‌ನ ಪ್ರಯೋಗಾಲಯ ಆಗಷ್ಟೇ ಎದ್ದಿತ್ತು. ಅಲ್ಲಿ ಡೆನ್ನಿಸ್ ಕ್ಲೈಡ್ ಮತ್ತು ಡೇವಿಡ್ ಗೊಡೆಲ್ ಆ ಜೀನ್‌ಗಳನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಗೊಡೆಲ್‌ಗೆ ಆಗ 27 ವರ್ಷ. ನಿದ್ದೆ ಬಿಟ್ಟು ದುಡಿಯುವುದರಲ್ಲಿ ಹೆಸರಾದವ. ಒಂದು ತಳಿಯಿಂದ ‘ಎ’ ಎಳೆ, ಇನ್ನೊಂದರಿಂದ ‘ಬಿ’ ಎಳೆ ತೆಗೆದು, ಶುದ್ಧಮಾಡಿ, ಒಂದೇ ನಳಿಕೆಯಲ್ಲಿ ಬೆರೆಸಿದರೆ ಗಂಧಕದ ಕೊಂಡಿಗಳು ಸರಿಯಾದ ಜಾಗದಲ್ಲಿ ಕೂಡಿಕೊಳ್ಳಬೇಕು. ತಪ್ಪಾಗಿ ಕೂಡುವ ಸಾಧ್ಯತೆಗಳೇ ಹೆಚ್ಚು. 1978ರ ಆಗಸ್ಟ್ ಕೊನೆಯ ವಾರಗಳಲ್ಲಿ ಗೊಡೆಲ್ ಸಿಟಿ ಆಫ್ ಹೋಪ್‌ಗೇ ಹೋಗಿ ನಿಂತು ಈ ಹಂತವನ್ನು ಮಾಡಿದ. ಇನ್ಸುಲಿನ್ ಇದೆಯೇ ಎಂದು ಅಳೆಯುವ ಪರೀಕ್ಷೆ ‘ಇದೆ’ ಎಂದಿತು. ಸಿಕ್ಕಿದ್ದು ಕಣ್ಣಿಗೆ ಕಾಣದಷ್ಟು ಸ್ವಲ್ಪ. ಆದರೆ ಅದು ಯಾವ ಪ್ರಾಣಿಯದ್ದೂ ಅಲ್ಲದ, ಮನುಷ್ಯನ ಇನ್ಸುಲಿನ್. ಕೆಲವೇ ದಿನಗಳಲ್ಲಿ, ಆಗಸ್ಟ್ 25ರಂದು, ಲಿಲಿ ಕಂಪನಿ ಜೆನೆಂಟೆಕ್ ಜತೆ ಒಪ್ಪಂದಕ್ಕೆ ಸಹಿ ಹಾಕಿತು. ಸೆಪ್ಟೆಂಬರ್ 6ರಂದು ಪತ್ರಿಕಾಗೋಷ್ಠಿ ನಡೆಯಿತು.

ಗಿಲ್ಬರ್ಟ್ ತಂಡದ ಪಾಡು ಹೇಳಲೇಬೇಕು. ಇಲಿಯ ಇನ್ಸುಲಿನ್ನನ್ನು ಬ್ಯಾಕ್ಟೀರಿಯಾದಿಂದ ಮಾಡಿಸಿ ಅವರು 1978ರ ಬೇಸಿಗೆಯಲ್ಲಿ ಮುಂದಿದ್ದರು. ಮನುಷ್ಯನ ಜೀನಿಗೆ ಮಾತ್ರ ಆ ಬಿಗಿ ಪ್ರಯೋಗಾಲಯವೇ ಬೇಕು. ಅದನ್ನು ಹುಡುಕಿಕೊಂಡು ಅದೇ ಸೆಪ್ಟೆಂಬರಿನಲ್ಲಿ ಸಾಗರ ದಾಟಿ ಇಂಗ್ಲೆಂಡಿನ ಪೋರ್ಟನ್ ಡೌನ್‌ಗೆ ಹೋದರು. ಅದು ಜೈವಿಕ ಅಸ್ತ್ರಗಳ ಸಂಶೋಧನೆಗೆ ಹೆಸರಾದ ಸೇನಾ ನೆಲೆ. ಒಳಗೆ ಹೋಗುವಾಗ ಬಟ್ಟೆ ಪೂರ್ತಿ ಬದಲಿಸಬೇಕು, ಹೊರಬರುವಾಗ ಸ್ನಾನ ಮಾಡಲೇಬೇಕು, ಒಂದೊಂದು ನಳಿಕೆಯನ್ನೂ ಫಾರ್ಮಾಲಿನ್‌ನಲ್ಲಿ ಅದ್ದಬೇಕು. ಹಾರ್ವರ್ಡ್‌ನಲ್ಲಿ ಸಲೀಸಾಗಿ ನಡೆಯುತ್ತಿದ್ದ ಕೆಲಸ ಇಲ್ಲಿ ತೆವಳತೊಡಗಿತು. ಅಷ್ಟೆಲ್ಲ ಪಾಡುಪಟ್ಟು ಹಿಡಿದ ಜೀನನ್ನು ಕೊನೆಗೆ ಓದಿ ನೋಡಿದರೆ ಅದು ಇಲಿಯದ್ದು! ಹಿಂದಿನ ಪ್ರಯೋಗದ ಇಲಿಯ ಡಿಎನ್‌ಎ ಎಲ್ಲೋ ಬೆರೆತುಹೋಗಿತ್ತು. ಗಿಲ್ಬರ್ಟ್ ಅವರ ಪ್ರತಿಭೆಗೆ ಕೊರತೆ ಇರಲಿಲ್ಲ. ಡಿಎನ್‌ಎ ಓದುವ ವಿಧಾನಕ್ಕಾಗಿ ಅವರಿಗೆ 1980ರಲ್ಲಿ ನೊಬೆಲ್ ಬಂತು, ಸ್ಯಾಂಗರ್ ಮತ್ತು ಬರ್ಗ್ ಅವರ ಜತೆಯಲ್ಲೇ. ಸೋಲಿಗೆ ಕಾರಣ ಅವರು ಹಿಡಿದ ದಾರಿ. ಅಂಗಾಂಶದ ಜೀನ್ ಹಿಡಿದವರನ್ನು ನಿಯಮ ಕಟ್ಟಿಹಾಕಿತು, ಜೀನನ್ನು ತಾವೇ ಬರೆದವರನ್ನು ಬಿಟ್ಟುಬಿಟ್ಟಿತು. ಎರಡರಿಂದಲೂ ಬರುವ ಬ್ಯಾಕ್ಟೀರಿಯಾ ಮಾಡುವ ಕೆಲಸ ಒಂದೇ ಆಗಿದ್ದರೂ ಕಾಗದದ ಮೇಲೆ ಅವು ಬೇರೆ ಬೇರೆಯಾಗಿದ್ದವು.

ನಳಿಕೆಯ ಇನ್ಸುಲಿನ್ನಿಗೂ ಅಂಗಡಿಯ ಇನ್ಸುಲಿನ್ನಿಗೂ ನಡುವೆ ನಾಲ್ಕು ವರ್ಷದ ದುಡಿಮೆ ಬೇಕಾಯಿತು. ಬ್ಯಾಕ್ಟೀರಿಯಾದ ಇಳುವರಿ ಹೆಚ್ಚಿಸಬೇಕು, ಸಾವಿರಾರು ಲೀಟರಿನ ತೊಟ್ಟಿಗಳಲ್ಲಿ ಬೆಳೆಸಬೇಕು, ಬ್ಯಾಕ್ಟೀರಿಯಾದ ಒಂದು ಕಣವೂ ಉಳಿಯದಂತೆ ಶುದ್ಧಮಾಡಬೇಕು. 1980ರ ಜುಲೈನಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಮೊದಲ ಸಲ ಕೊಟ್ಟು ನೋಡಿದರು. 1982ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕ ಸರ್ಕಾರ ‘ಹ್ಯುಮುಲಿನ್’ ಹೆಸರಿನಲ್ಲಿ ಅದರ ಮಾರಾಟಕ್ಕೆ ಒಪ್ಪಿತು. ಜೀನ್ ಜೋಡಣೆಯಿಂದ ತಯಾರಾಗಿ ಮನುಷ್ಯರ ಬಳಕೆಗೆ ಬಂದ ಮೊದಲ ಔಷಧ ಅದು.

ಈ ನಡುವೆ ಹಣದ ಲೋಕವೂ ನ್ಯಾಯಾಲಯವೂ ತಮ್ಮ ತೀರ್ಪು ಕೊಟ್ಟಿದ್ದವು. 1980ರ ಜೂನ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್, ಐದಕ್ಕೆ ನಾಲ್ಕರ ಬಹುಮತದಿಂದ, ಮನುಷ್ಯ ಮಾರ್ಪಡಿಸಿದ ಸೂಕ್ಷ್ಮಜೀವಿಗೆ ಪೇಟೆಂಟ್ ಕೊಡಬಹುದೆಂದಿತು. ಆ ದಾವೆಯ ಹಿಂದಿದ್ದವರು ಬಂಗಾಳದಲ್ಲಿ ಹುಟ್ಟಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ದುಡಿಯುತ್ತಿದ್ದ ಆನಂದ ಮೋಹನ ಚಕ್ರವರ್ತಿ. ಕಚ್ಚಾ ತೈಲವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಅವರದು. ಅವರು ಜೀನ್ ಕತ್ತರಿಸಿ ಜೋಡಿಸಿರಲಿಲ್ಲ, ಹಲವು ಪ್ಲಾಸ್ಮಿಡ್‌ಗಳನ್ನು ಒಂದೇ ಬ್ಯಾಕ್ಟೀರಿಯಾಕ್ಕೆ ದಾಟಿಸಿದ್ದರು. ಆದರೂ ತೀರ್ಪಿನ ಪ್ರಯೋಜನ ಇಡೀ ಹೊಸ ಉದ್ಯಮಕ್ಕೆ ಸಿಕ್ಕಿತು. ನಾಲ್ಕು ತಿಂಗಳ ನಂತರ, ಅಕ್ಟೋಬರ್ 14ರಂದು, ಜೆನೆಂಟೆಕ್ ಷೇರು 35 ಡಾಲರ್‌ಗೆ ಮಾರುಕಟ್ಟೆಗೆ ಬಂದು ಒಂದು ಗಂಟೆಯೊಳಗೆ 88 ಡಾಲರ್ ಮುಟ್ಟಿತು. ಆಗ ಅಂಗಡಿಯಲ್ಲಿ ಮಾರಲು ಅದರ ಬಳಿ ಒಂದು ಔಷಧವೂ ಇರಲಿಲ್ಲ. ಕೊಹೆನ್–ಬಾಯರ್ ಪೇಟೆಂಟ್ ಮುಗಿಯುವ ವೇಳೆಗೆ ಎರಡು ವಿಶ್ವವಿದ್ಯಾಲಯಗಳಿಗೆ ಸುಮಾರು 25 ಕೋಟಿ ಡಾಲರ್ ತಂದುಕೊಟ್ಟಿತ್ತು. ಟೊರಾಂಟೊದ ಒಂದು ಡಾಲರ್ ಪೇಟೆಂಟಿನ ಕಾಲ ಮುಗಿದಿತ್ತು.

ಹೊಸ ಇನ್ಸುಲಿನ್ ಹಳೆಯದಕ್ಕಿಂತ ಮೇಲೇ? 1980ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ನಿನಲ್ಲಿ ಹಲವರು, ಸಕ್ಕರೆ ತೀರ ಇಳಿಯುವಾಗ ಮೊದಲು ಗೊತ್ತಾಗುತ್ತಿದ್ದ ನಡುಕ, ಬೆವರು ಹೊಸ ಮದ್ದಿನಲ್ಲಿ ಗೊತ್ತಾಗುತ್ತಿಲ್ಲವೆಂದು ದೂರಿದರು. ನಂತರ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಎರಡರ ನಡುವೆ ಚಿಕಿತ್ಸೆಯ ದೃಷ್ಟಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಲಾಭ ಇದ್ದುದು ಬೇರೆ ಕಡೆ: ಪೂರೈಕೆ ಕಸಾಯಿಖಾನೆಯ ಹಂಗು ಬಿಟ್ಟಿತು. ಜೀನ್ ಕೈಗೆ ಬಂದ ಮೇಲೆ ಅದನ್ನು ತಿದ್ದಲೂ ಬಂತು. ಊಟದ ಹೊತ್ತಿಗೆ ಬೇಗ ಕೆಲಸ ಮಾಡುವ ಲಿಸ್ಪ್ರೊ 1996ರಲ್ಲಿ, ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಗ್ಲಾರ್ಜಿನ್ 2000ದಲ್ಲಿ ಬಂದವು.

ಡೆನ್ಮಾರ್ಕಿನ ನೊವೊ ಕಂಪನಿ ಮೊದಲು ಹಂದಿಯ ಇನ್ಸುಲಿನ್ನಿನ ಆ ಒಂದು ಅಮೈನೋ ಆಮ್ಲವನ್ನು ಕಿಣ್ವದಿಂದ ಬದಲಿಸಿ ಮನುಷ್ಯನದನ್ನಾಗಿ ಮಾಡಿತು, 1987ರಲ್ಲಿ ಬ್ರೆಡ್ ಹುದುಗಿಸುವ ಯೀಸ್ಟ್‌ನಿಂದಲೇ ಇನ್ಸುಲಿನ್ ತೆಗೆಯಿತು. ಆ ಕಂಪನಿಗೆ ಕಿಣ್ವ ಹೊಸದಲ್ಲ. ಇನ್ಸುಲಿನ್ ತೆಗೆದ ಮೇಲೆ ಉಳಿಯುವ ಮೇದೋಜೀರಕದಿಂದ 1940ರ ದಶಕದಲ್ಲೇ ಟ್ರಿಪ್ಸಿನ್ ತೆಗೆದು ಚರ್ಮ ಹದಮಾಡುವವರಿಗೆ ಮಾರುತ್ತಿತ್ತು. ಬಟ್ಟೆ ಸೋಪಿನ ಪುಡಿಗೆ ಬ್ಯಾಕ್ಟೀರಿಯಾದ ಕಿಣ್ವ ಸೇರಿಸಿ ಜಗತ್ತಿಗೆ ಮಾರಿದ ಮೊದಲಿಗರಲ್ಲಿ ಅದೂ ಒಂದು.

ಬೆಂಗಳೂರಿನ ಕಥೆ ಇದಕ್ಕೆ ತಿರುಗುಮುರುಗು. ಬಿಯರ್ ತಯಾರಿಕೆ ಕಲಿತು ಆಸ್ಟ್ರೇಲಿಯಾದಿಂದ ಮರಳಿದ್ದ ಕಿರಣ್ ಮಜುಂದಾರ್, 1978ರ ನವೆಂಬರ್‌ನಲ್ಲಿ, ಐರ್ಲೆಂಡಿನ ಕಂಪನಿಯೊಂದರ ಸಹಭಾಗಿತ್ವದಲ್ಲಿ, ಕೋರಮಂಗಲದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಬಯೊಕಾನ್ ಆರಂಭಿಸಿದರು. ಗೊಡೆಲ್ ಎರಡು ಎಳೆ ಕೂಡಿಸಿ ಮೂರು ತಿಂಗಳಷ್ಟೇ ಆಗಿತ್ತು. ಬೆಂಗಳೂರಿನ ಗ್ಯಾರೇಜಿನ ಸರಕು ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೈನ್ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್. ಎರಡೂ ಬಿಯರ್ ತಿಳಿಯಾಗಿಸಲು ಬೇಕಾದವು. ಒಂದು ವರ್ಷದಲ್ಲಿ ಅವು ಅಮೆರಿಕ, ಯುರೋಪಿಗೆ ರಫ್ತಾದವು. ಹತ್ತು ಹನ್ನೆರಡು ವರ್ಷದಲ್ಲಿ ಕಂಪನಿ ತಟ್ಟೆಗಳಲ್ಲಿ ಹರಡಿದ ಧಾನ್ಯದ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ತೆಗೆಯುವ ತನ್ನದೇ ವಿಧಾನ ರೂಢಿಸಿಕೊಂಡಿತು. ಸೂಕ್ಷ್ಮಜೀವಿಯನ್ನು ತೊಟ್ಟಿಯಲ್ಲಿ ಸಾಕುವ, ಅದರ ಹದ ಅರಿಯುವ ವಿದ್ಯೆ ಬಯೊಕಾನ್ ಇರುವ ಹೊಸೂರು ರಸ್ತೆಯಲ್ಲಿ ನೆಲೆಗೊಂಡದ್ದು ಹೀಗೆ.

ಇನ್ಸುಲಿನ್ನಿಗೆ ಬಯೊಕಾನ್ ಆರಿಸಿಕೊಂಡದ್ದು ಪಿಕಿಯ ಪಾಸ್ಟೊರಿಸ್ ಎಂಬ ಯೀಸ್ಟ್. ಅದಕ್ಕೂ ಒಂದು ಪೂರ್ವಕಥೆ ಇದೆ. ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ ಮೆಥನಾಲ್ ತಿಂದು ಬೆಳೆಯುವ ಈ ಯೀಸ್ಟನ್ನು ಪಶು ಆಹಾರ ಮಾಡಲು ಪಳಗಿಸಿತ್ತು. 1973ರ ತೈಲ ಬಿಕ್ಕಟ್ಟು ಆ ಲೆಕ್ಕಾಚಾರವನ್ನು ಕೆಡಿಸಿತು, ಸೋಯಾ ಅದಕ್ಕಿಂತ ಅಗ್ಗವಾಯಿತು. 1980ರ ದಶಕದಲ್ಲಿ ಅದೇ ಯೀಸ್ಟ್‌ಗೆ ಅನ್ಯ ಜೀನ್ ಸೇರಿಸುವ ತಂತ್ರ ಸಿದ್ಧವಾಯಿತು. ಮೊದಲು ಗ್ಲಿಸರಾಲ್ ಕೊಟ್ಟು ತೊಟ್ಟಿ ತುಂಬ ದಟ್ಟವಾಗಿ ಬೆಳೆಸುತ್ತಾರೆ, ಆಮೇಲೆ ಮೆಥನಾಲ್ ಬಿಡುತ್ತಾರೆ. ಮೆಥನಾಲ್ ಸೋಕಿದೊಡನೆ ಸೇರಿಸಿದ ಜೀನ್ ಎಚ್ಚೆತ್ತು ಪ್ರೊಟೀನ್ ತಯಾರಾಗುತ್ತದೆ. ಇ. ಕೋಲೈನಲ್ಲಾದರೆ ಜೀವಕೋಶ ಒಡೆದು ಹುಡುಕಬೇಕು. ಈ ಯೀಸ್ಟ್ ಅದನ್ನು ಹೊರಗಿನ ದ್ರವಕ್ಕೇ ಬಿಟ್ಟುಕೊಡುತ್ತದೆ. ಹೈದರಾಬಾದಿನ ಶಾಂತಾ ಬಯೊಟೆಕ್ನಿಕ್ಸ್ ಇದೇ ಯೀಸ್ಟ್‌ನಿಂದ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆ ಮಾಡಿ ಭಾರತದಲ್ಲಿ ದಾರಿ ತೋರಿಸಿತ್ತು. 2003ರಲ್ಲಿ ವೊಕಾರ್ಡ್ ಕಂಪನಿ ದೇಶದ ಮೊದಲ ಜೀನ್ ಜೋಡಣೆಯ ಇನ್ಸುಲಿನ್ ತಂದಿತು. 2004ರ ನವೆಂಬರ್‌ನಲ್ಲಿ ಬಯೊಕಾನ್‌ನ ‘ಇನ್ಸುಜೆನ್’ ಬಂತು. ಪಿಕಿಯ ಯೀಸ್ಟ್‌ನಿಂದ ಮಾಡಿದ ಮನುಷ್ಯನ ಇನ್ಸುಲಿನ್ ಜಗತ್ತಿನಲ್ಲಿ ಅದೇ ಮೊದಲು. ಮೂರು ವರ್ಷದ ನಂತರ ಬಯೊಕಾನ್ ತನ್ನ ಹುಟ್ಟು ಕಸುಬಾದ ಕಿಣ್ವ ವ್ಯಾಪಾರವನ್ನು 11.5 ಕೋಟಿ ಡಾಲರ್‌ಗೆ ಮಾರಿತು. ಕೊಂಡದ್ದು ನೊವೊದಿಂದ ಕವಲೊಡೆದ ನೊವೊಜೈಮ್ಸ್. ಇನ್ಸುಲಿನ್ನಿಂದ ಕಿಣ್ವಕ್ಕೆ ಬಂದವರ ಕೈಗೆ, ಕಿಣ್ವದಿಂದ ಇನ್ಸುಲಿನ್ನಿಗೆ ಹೊರಟವರು ಹಳೆಯ ಗಂಟು ಒಪ್ಪಿಸಿದಂತಾಯಿತು.

2021ರಲ್ಲಿ ಬಯೊಕಾನ್ ಮತ್ತು ವಿಯಾಟ್ರಿಸ್ ಕಂಪನಿಗಳ ಗ್ಲಾರ್ಜಿನ್ ‘ಸೆಮ್‌ಗ್ಲೀ’ಗೆ, ಮೂಲ ಔಷಧದ ಬದಲಿಗೆ ಅಂಗಡಿಯವರೇ ಕೊಡಬಹುದಾದ ಮೊದಲ ಇನ್ಸುಲಿನ್ ಎಂಬ ಮಾನ್ಯತೆ ಅಮೆರಿಕದಲ್ಲಿ ಸಿಕ್ಕಿತು. ಅದು ಆ ದೇಶಕ್ಕೆ ಬೇಕಾಗಿಯೂ ಇತ್ತು. 1996ರಲ್ಲಿ 21 ಡಾಲರ್ ಇದ್ದ ಲಿಸ್ಪ್ರೊ ಸೀಸೆಯ ನಮೂದಿತ ಬೆಲೆ ಎರಡು ದಶಕಗಳಲ್ಲಿ 275 ಡಾಲರ್ ಆಸುಪಾಸಿಗೆ ಏರಿತ್ತು. ಬ್ಯಾಕ್ಟೀರಿಯಾ ಅದೇ, ಮದ್ದೂ ಅದೇ. ಡೋಸ್ ಅರ್ಧ ಮಾಡಿಕೊಂಡು ದಿನ ದೂಡಿದವರು ಸತ್ತ ಸುದ್ದಿಗಳು ಅಲ್ಲಿಂದ ಬಂದವು. ಗಲಾಟೆ ಜೋರಾದ ಮೇಲೆ 2023ರಲ್ಲಿ ಲಿಲಿ ಕಂಪನಿ ಬೆಲೆಯನ್ನು ಶೇ. 70ರಷ್ಟು ಇಳಿಸುವುದಾಗಿ ಪ್ರಕಟಿಸಿತು. ಅಷ್ಟು ಇಳಿಸಲು ಸಾಧ್ಯವಿತ್ತು ಎಂದ ಮೇಲೆ ಹಿಂದಿನ ಬೆಲೆಗೆ ತಯಾರಿಕೆಯ ಖರ್ಚು ಕಾರಣವಲ್ಲ ಎಂಬುದು ಸ್ಪಷ್ಟ. 1978ರಲ್ಲಿ ಬಗೆಹರಿದದ್ದು ಪೂರೈಕೆಯ ಸಮಸ್ಯೆ. ಅದು ಯಾರ ಕೈಗೆ ಎಷ್ಟಕ್ಕೆ ಸೇರಬೇಕೆಂಬುದನ್ನು ಕಂಪನಿಗಳೂ ಸರ್ಕಾರಗಳೂ ತೀರ್ಮಾನಿಸುತ್ತಿವೆ.

ನಮ್ಮಲ್ಲಿ ಸೀಸೆಯ ಬೆಲೆ ಅಮೆರಿಕದಷ್ಟಿಲ್ಲ, ನಿಜ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಮಿಕ್ಕಿದ್ದಾರೆ. ಅವರೆಲ್ಲರಿಗೂ ಇನ್ಸುಲಿನ್ ಬೇಕಿಲ್ಲ, ಬೇಕಾದವರಿಗೆ ಮಾತ್ರ ಅದು ತಪ್ಪಬಾರದು. ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಗುವಿಗಂತೂ ಕೆಲವು ದಿನ ತಪ್ಪಿದರೂ ಜೀವಕ್ಕೆ ಅಪಾಯ. ಸೀಸೆಯನ್ನು ತೆರೆಯುವವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಫ್ರಿಜ್ ಇಲ್ಲದ ಮನೆಗೆ, ಕರೆಂಟು ಸರಿಯಾಗಿ ಇರದ ಊರಿಗೆ ಅದು ತಲುಪುವುದು ಸರ್ಕಾರಿ ಆಸ್ಪತ್ರೆಯ ಮೂಲಕವೇ. ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇಂದು ದಾಸ್ತಾನಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ.